ಇಂಗ್ಲಿಷ್ ಭಾಷಣಗಳಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದರೂ ಬೇಸರ ಬರಲ್ಲ, ಯಾಕೆ?

ಕಡೂರು ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ತಾಲ್ಲೂಕು ಮಟ್ಟದ ಇಂಗ್ಲಿಷ್ ಭಾಷಣ ಸ್ಪರ್ಧೆಗೆ ತಯಾರಾಗುತ್ತಿದ್ದಾರೆ. ಪ್ರಬಂಧ ಬರೆಯುವಾಗ ‘ಒಂದೇ ಪದ ಪದೇ ಪದೇ ಬರಬಾರದು’ ಎಂದು ನಾವೇ ಹೇಳಿಕೊಡುತ್ತೇವೆ. ಆಮೇಲೆ ಅಮೆರಿಕದ ಕರಿಯರ ಹಕ್ಕಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ ಕೇಳಿಸಿದರೆ ಅಲ್ಲಿ ‘ಐ ಹ್ಯಾವ್ ಎ ಡ್ರೀಮ್’ ಎಂಟು ಸಲ ಬರುತ್ತದೆ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: ‘ಮಿಸ್, ಅವರು ಮಾಡಿದರೆ ಚಪ್ಪಾಳೆ, ನಾವು ಮಾಡಿದರೆ ಕೆಂಪು ಗೆರೆನಾ?’

ಅವಳ ಪ್ರಶ್ನೆ ನ್ಯಾಯವಾದದ್ದು. ಸರಿಯಾದ ಉತ್ತರ ಕೊಡಬೇಕು ಅಂತ ನನಗೆ ಆಸೆ. ಅನಾಫೊರಾ (ಸಾಲಿನ ಆರಂಭದಲ್ಲಿ ಮಾತು ಮರಳುವುದು), ಎಪಿಸ್ಟ್ರೊಫಿ (ಸಾಲಿನ ಕೊನೆಯಲ್ಲಿ ಮರಳುವುದು) ಅಂತ ಹೆಸರು ಬರೆಸಿ ಬಾಯಿಪಾಠ ಮಾಡಿಸುವುದು ನನಗೆ ಇಷ್ಟವಿಲ್ಲ. ಇವು ಹೇಗೆ ಕೆಲಸ ಮಾಡುತ್ತವೆ, ಎಲ್ಲಿ ಕೆಡುತ್ತವೆ, ತಿಳಿದವರು ಹೇಳಿ.

ಹಳೇ ಮೇಷ್ಟ್ರು, ಮೈಸೂರು

ಮೇಡಂ, ಒಳ್ಳೆ ಹುಡುಗಿ. ಅವಳಿಗೆ ಒಂದೇ ಒಂದು ಕೆಲಸ ಹೇಳಿ. ಮತ್ತೆ ಮತ್ತೆ ಬರುವ ಮಾತನ್ನು ಬಿಟ್ಟುಬಿಡಲಿ. ಪ್ರತಿ ಸಲ ಬದಲಾಗುವ ಮಾತಿನ ಕೆಳಗೆ ಗೆರೆ ಎಳೆಯಲಿ. ಗುಟ್ಟೆಲ್ಲ ಅಲ್ಲೇ ಇದೆ.

1940ರ ಜೂನ್ 4ರಂದು ಬ್ರಿಟನ್ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅಲ್ಲಿನ ಸಂಸತ್ತಿನ ಕೆಳಮನೆಯಲ್ಲಿ ಮಾತಾಡಿದರು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರ ಮುತ್ತಿಗೆಗೆ ಫ್ರಾನ್ಸಿನ ಡಂಕರ್ಕ್ ತೀರದಲ್ಲಿ ಸಿಕ್ಕಿಬಿದ್ದಿದ್ದ ಸುಮಾರು 3 ಲಕ್ಷ 38 ಸಾವಿರ ಸೈನಿಕರನ್ನು ಹಡಗು, ದೋಣಿಗಳಲ್ಲಿ ಆಗಷ್ಟೇ ವಾಪಸ್ ಕರೆತಂದಿದ್ದರು. ಸೈನ್ಯದ ಜೀವ ಉಳಿದಿತ್ತು. ಫಿರಂಗಿ, ಲಾರಿ, ಸಾಮಾನು ಎಲ್ಲ ಅಲ್ಲೇ ಬಿದ್ದಿತ್ತು. ಆ ಭಾಷಣದ ಕೊನೆಗೆ ‘ವಿ ಶಲ್ ಫೈಟ್’ ಎಂಬ ಮೂರು ಪದ ಸಾಲು ಸಾಲಾಗಿ ಬರುತ್ತವೆ.

ಈಗ ಬದಲಾಗುವ ಭಾಗ ನೋಡಿ. ಮೊದಲು ಫ್ರಾನ್ಸ್. ನಂತರ ಸಮುದ್ರ. ನಂತರ ಆಕಾಶ. ಆಮೇಲೆ ಕಡಲ ದಂಡೆ, ಶತ್ರು ಬಂದಿಳಿಯುವ ಬಯಲು, ಹೊಲ, ಬೀದಿ. ಕೊನೆಗೆ ಗುಡ್ಡ. ಇದು ಶತ್ರು ಹೆಜ್ಜೆ ಹೆಜ್ಜೆಯಾಗಿ ಊರೊಳಗೆ ಬರುವ ದಾರಿ! ‘ಅವರು ನಮ್ಮ ಬೀದಿಗೂ ಬರಬಹುದು, ನಾವು ಗುಡ್ಡ ಹತ್ತಬೇಕಾಗಬಹುದು’ ಎಂಬ ಭಯದ ಸುದ್ದಿಯನ್ನು ಅವರು ಮುಚ್ಚಿಡಲಿಲ್ಲ. ಆದರೆ ಹಿಂದೆ ಸರಿಯುವ ಪ್ರತಿ ಹೆಜ್ಜೆಗೂ ‘ಹೋರಾಡುತ್ತೇವೆ’ ಎಂಬ ಮಾತು ಕಟ್ಟಿದರು. ಜಾಗ ಕುಸಿಯುತ್ತಾ ಹೋಗುತ್ತದೆ, ಕ್ರಿಯಾಪದ ಅಲ್ಲಾಡುವುದಿಲ್ಲ. ಕೇಳುವವರ ಮೈ ಜುಮ್ಮೆನ್ನುವುದು ಅದಕ್ಕೆ.

ಆಮೇಲೆ ‘ವಿ ಶಲ್ ನೆವರ್ ಸರೆಂಡರ್’. ಕಿವಿ ‘ಫೈಟ್’ ಪದಕ್ಕೆ ಕಾಯುತ್ತಿರುವಾಗ ಬೇರೆ ಪದ ಬಂತು. ಅಷ್ಟು ಹೊತ್ತು ಒಂದೇ ಮಾತು ಕೇಳಿಸಿದ್ದರಿಂದಲೇ ಆ ಬದಲಾವಣೆಗೆ ಬಲ ಬಂದದ್ದು. ತುಂಬಾ ಜನ ಭಾಷಣ ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದಾರೆ. ವಾಕ್ಯ ಇನ್ನೂ ಮುಂದೆ ಹೋಗುತ್ತದೆ. ಈ ದ್ವೀಪವೇ ಶತ್ರುವಿನ ಕೈಗೆ ಹೋಗಿ ಹಸಿವಿನಲ್ಲಿ ನರಳಿದರೂ, ಕಡಲಾಚೆಗಿನ ನಮ್ಮ ಸಾಮ್ರಾಜ್ಯ ಹೋರಾಟ ಮುಂದುವರಿಸುತ್ತದೆ ಎಂಬ ಉದ್ದನೆಯ ಮಾತು ಬರುತ್ತದೆ.

ಇನ್ನೊಂದು ವಿಷಯ. ನಾವು ಇವತ್ತು ಕೇಳುವ ಚರ್ಚಿಲ್ ದನಿ ಆ ದಿನದ್ದಲ್ಲ. ಅವತ್ತು ಸದನದಲ್ಲಿ ರೆಕಾರ್ಡ್ ಮಾಡಿರಲಿಲ್ಲ. ಅವರು 1949ರಲ್ಲಿ ಮತ್ತೆ ಓದಿ ರೆಕಾರ್ಡ್ ಮಾಡಿಸಿದರು. ಮಕ್ಕಳಿಗೆ ಕೇಳಿಸುವಾಗ ಇದನ್ನೂ ಹೇಳಿ.

ನ್ಯೂಜೆರ್ಸಿ ಕನ್ನಡಿಗ

ಮೇಷ್ಟ್ರೇ, ನೀವು ಹೇಳಿದ ಕ್ರಮದಲ್ಲೇ ಕಿಂಗ್ ಅವರ ಭಾಷಣ ಓದಿ ನೋಡಿದೆ. ಎಲ್ಲರೂ ‘ಐ ಹ್ಯಾವ್ ಎ ಡ್ರೀಮ್’ ಹಿಂದೆ ಬೀಳುತ್ತಾರೆ. ನನಗೆ ಅದರ ನಂತರ ಬರುವ ‘ಲೆಟ್ ಫ್ರೀಡಂ ರಿಂಗ್’ ಇನ್ನೂ ದೊಡ್ಡದು ಅನ್ನಿಸುತ್ತದೆ.

1963ರ ಆಗಸ್ಟ್ 28. ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ಎರಡೂವರೆ ಲಕ್ಷ ಜನ. ಸ್ವಾತಂತ್ರ್ಯದ ಗಂಟೆ ಮೊಳಗಲಿ ಎಂದು ಕಿಂಗ್ ಬೆಟ್ಟಗಳ ಹೆಸರು ಹೇಳುತ್ತಾ ಹೋಗುತ್ತಾರೆ. ಮೊದಲು ಉತ್ತರದ ನ್ಯೂ ಹ್ಯಾಂಪ್‌ಶೈರ್, ನ್ಯೂಯಾರ್ಕ್, ಪೆನ್ಸಿಲ್ವೇನಿಯಾ. ಆಮೇಲೆ ಪಶ್ಚಿಮದ ಕೊಲರಾಡೊ, ಕ್ಯಾಲಿಫೋರ್ನಿಯಾ. ಇಷ್ಟು ಹೊತ್ತು ಇದು ಯಾರಾದರೂ ಹೇಳಬಹುದಾದ ದೇಶಭಕ್ತಿಯ ಮಾತು. ಅಲ್ಲಿ ಒಂದು ಕ್ಷಣ ತಡೆದು ‘ಅಷ್ಟೇ ಅಲ್ಲ’ ಅನ್ನುತ್ತಾರೆ. ಮುಂದಿನ ಬೆಟ್ಟ ಜಾರ್ಜಿಯಾದ ಸ್ಟೋನ್ ಮೌಂಟನ್. 1915ರಲ್ಲಿ ಕರಿಯರನ್ನು ದ್ವೇಷಿಸುವ ಬಿಳಿಯರ ಗುಪ್ತ ಸಂಘ ಕು ಕ್ಲಕ್ಸ್ ಕ್ಲಾನ್ ಮತ್ತೆ ಹುಟ್ಟಿಕೊಂಡದ್ದು ಆ ಬೆಟ್ಟದ ಮೇಲೆ. ಆಮೇಲೆ ಟೆನೆಸ್ಸಿ. ಆಮೇಲೆ ಮಿಸ್ಸಿಸ್ಸಿಪ್ಪಿಯ ಪ್ರತಿಯೊಂದು ಗುಡ್ಡ, ಪ್ರತಿಯೊಂದು ಮಣ್ಣುದಿಬ್ಬ.

ಅಂದರೆ ಅದೇ ಮೂರು ಪದ ಹಿಡಿದುಕೊಂಡು ಅವರು ಕರಿಯರನ್ನು ಹೊಡೆದು ಕೊಲ್ಲುತ್ತಿದ್ದ ಊರುಗಳೊಳಗೆ ನಡೆದು ಹೋದರು. ಚರ್ಚಿಲ್ ಭಾಷಣದಲ್ಲಿ ಜಾಗಗಳು ಹಿಂದೆ ಸರಿಯುತ್ತವೆ. ಇಲ್ಲಿ ಮುಂದೆ ನುಗ್ಗುತ್ತವೆ. ಭೂಪಟ ಮುಂದೆ ಇಟ್ಟುಕೊಂಡು ಓದಿದರೆ ಮಕ್ಕಳಿಗೆ ತಟ್ಟನೆ ಹೊಳೆಯುತ್ತದೆ.

ನಾನಿರುವ ಊರಿನಲ್ಲಿ ಕರಿಯರ ಬ್ಯಾಪ್ಟಿಸ್ಟ್ ಚರ್ಚಿಗೆ ಗೆಳೆಯರ ಜೊತೆ ಹೋಗಿದ್ದೇನೆ. ಪಾದ್ರಿ ಒಂದು ಸಾಲು ಹೇಳಿದರೆ ಜನ ಕೂತಲ್ಲಿಂದಲೇ ಉತ್ತರ ಕೊಡುತ್ತಾರೆ. ಅದೇ ಸಾಲು ಮತ್ತೆ ಬಂದಾಗ ಉತ್ತರ ಇನ್ನೂ ಜೋರಾಗುತ್ತದೆ. ಕಿಂಗ್ ಅದೇ ಪರಂಪರೆಯ ಪಾದ್ರಿ. ಆ ದಿನ ಅವರು ಬರೆದು ತಂದಿದ್ದ ಪ್ರತಿಯಲ್ಲಿ ಕನಸಿನ ಭಾಗ ಇರಲಿಲ್ಲ. ಹಿಂದೆ ಬೇರೆ ಕಡೆ, ಅದೇ ವರ್ಷ ಜೂನ್‌ನಲ್ಲಿ ಡೆಟ್ರಾಯ್ಟ್‌ನಲ್ಲೂ, ಆ ಮಾತು ಆಡಿದ್ದರು. ವೇದಿಕೆಯ ಹತ್ತಿರ ಇದ್ದ ಗಾಯಕಿ ಮಹೇಲಿಯಾ ಜಾಕ್ಸನ್ ‘ಆ ಕನಸಿನ ವಿಷಯ ಹೇಳು, ಮಾರ್ಟಿನ್’ ಎಂದು ಕೂಗಿದರು. ಅವರು ಕಾಗದ ಬಿಟ್ಟು ಮಾತಾಡಿದರು. ಬರೆದದ್ದನ್ನು ಓದುವಾಗ ಸಿಗದ ಲಯ ಆಗ ಸಿಕ್ಕಿತು.

ದಾವಣಗೆರೆ ಓದುಗ

ಮೇಷ್ಟ್ರೇ, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಕೇಳುತ್ತೇನೆ. ಆ ‘ಕಡಲಾಚೆಗಿನ ಸಾಮ್ರಾಜ್ಯ’ ಅಂದರೆ ಯಾರು? ನಾವೇ ತಾನೇ? 1939ರ ಸೆಪ್ಟೆಂಬರಿನಲ್ಲಿ ವೈಸರಾಯ್ ಲಿನ್‌ಲಿತ್ಗೋ ನಮ್ಮ ಒಬ್ಬ ನಾಯಕರನ್ನೂ ಕೇಳದೆ ಭಾರತ ಯುದ್ಧದಲ್ಲಿದೆ ಎಂದು ಘೋಷಿಸಿದರು. 1943ರಲ್ಲಿ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ಆಗ ಲಂಡನ್ನಿನಲ್ಲಿ ಅಧಿಕಾರದಲ್ಲಿ ಇದ್ದದ್ದು ಇದೇ ಚರ್ಚಿಲ್ ಸರ್ಕಾರ. ಅವರ ಮಾತಿನ ಚಂದವನ್ನು ನಮ್ಮ ಮಕ್ಕಳಿಗೆ ಯಾಕೆ ಹೇಳಿಕೊಡಬೇಕು?

ಹಳೇ ಮೇಷ್ಟ್ರು, ಮೈಸೂರು

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ನಾನು ಹೇಳಿಕೊಡಬೇಕು ಅನ್ನುವ ಕಾರಣವೂ ಅದೇ. ‘ವಿ’ ಎಂಬ ಆ ಎರಡಕ್ಷರದ ಪದವನ್ನು ಮಕ್ಕಳಿಗೆ ತೋರಿಸಿ. ಇಂಗ್ಲಿಷಿನ ಎಲ್ಲ ಭಾಷಣಗಳಲ್ಲೂ ಅತಿ ಹೆಚ್ಚು ಕೆಲಸ ಮಾಡುವ ಪದ ಅದು. ಆ ‘ನಾವು’ ಒಳಗೆ ಯಾರಿದ್ದಾರೆ, ಯಾರನ್ನು ಕೇಳದೆ ಸೇರಿಸಿದ್ದಾರೆ, ಯಾರನ್ನು ಹೊರಗೆ ಬಿಟ್ಟಿದ್ದಾರೆ? ಆ ಭಾಷಣದಲ್ಲಿ ದಂಡೆಯ ಮೇಲೆ ಹೋರಾಡುವ ‘ನಾವು’ ಬ್ರಿಟಿಷರು. ಹೋರಾಟ ಮುಂದುವರಿಸಬೇಕಾದ ಸಾಮ್ರಾಜ್ಯದಲ್ಲಿ ಮಾತ್ರ ನಾವು ಬರುತ್ತೇವೆ. ಮಾತಿನ ಕಟ್ಟು ಗೊತ್ತಿದ್ದ ಮಗು ಇದನ್ನು ಹಿಡಿಯುತ್ತದೆ. ಗೊತ್ತಿಲ್ಲದ ಮಗು ಬರೀ ಚಪ್ಪಾಳೆ ತಟ್ಟುತ್ತದೆ.

ದಾವಣಗೆರೆ ಓದುಗ

ಹೀಗೆ ಹೇಳಿಕೊಡುವುದಾದರೆ ನನ್ನ ತಕರಾರಿಲ್ಲ. ಬಂಗಾಳದ ವಿಷಯ ಅದೇ ತರಗತಿಯಲ್ಲಿ ಬರಬೇಕು, ಅಷ್ಟೇ.

ದಂಡು ಏರಿಯಾ

ಚರ್ಚಿಲ್ ಈ ವಿದ್ಯೆ ಕಲಿತದ್ದರಲ್ಲಿ ನಮ್ಮ ಬೆಂಗಳೂರಿಗೂ ಪಾಲಿದೆ. 1896ರಲ್ಲಿ ಅವರು ಇಲ್ಲಿನ ದಂಡಿಗೆ ಚಿಕ್ಕ ವಯಸ್ಸಿನ ಕುದುರೆ ಸೈನ್ಯದ ಅಧಿಕಾರಿಯಾಗಿ ಬಂದರು. ಜನ ಯಾವಾಗಲೂ ಅವರು ಬೆಂಗಳೂರು ಕ್ಲಬ್ಬಿಗೆ ಉಳಿಸಿಹೋದ 13 ರೂಪಾಯಿ ಬಾಕಿ ವಿಷಯ ಮಾತ್ರ ಹೇಳುತ್ತಾರೆ. ಅದಕ್ಕಿಂತ ದೊಡ್ಡ ಸಂಗತಿ ಅವರ ಓದು. ಮಧ್ಯಾಹ್ನದ ಬಿಸಿಲಿನ ಹೊತ್ತು ಗಿಬ್ಬನ್, ಮೆಕಾಲೆ ಬರೆದ ಇತಿಹಾಸದ ಸಂಪುಟಗಳನ್ನು ಓದಿದರು. ಆ ಪುಸ್ತಕಗಳನ್ನು ತಾಯಿ ಕಳಿಸುತ್ತಿದ್ದರು.

ಬೆಂಗಳೂರಿನಲ್ಲಿದ್ದ ಆ ವರ್ಷಗಳಲ್ಲೇ, 1897ರಲ್ಲಿ, ಭಾಷಣ ಕಲೆಯ ಬಗ್ಗೆ ಒಂದು ಪ್ರಬಂಧ ಬರೆದರು. ಆಗ ಅದನ್ನು ಅಚ್ಚು ಹಾಕಿಸಲಿಲ್ಲ. ಅದರಲ್ಲಿ ಒಂದು ಮಾತಿದೆ: ಭಾಷೆಯ ಚಿಕ್ಕ ಪದಗಳು ಸಾಮಾನ್ಯವಾಗಿ ಹಳೆಯ ಪದಗಳು, ಲ್ಯಾಟಿನ್ ಗ್ರೀಕಿನಿಂದ ಬಂದ ಹೊಸ ಪದಗಳಿಗಿಂತ ಅವು ಸಾಮಾನ್ಯ ಜನರ ಮನಸ್ಸನ್ನು ಜೋರಾಗಿ ತಟ್ಟುತ್ತವೆ. ಇಪ್ಪತ್ಮೂರು ತುಂಬದ ಹುಡುಗ ಇದನ್ನು ಬರೆದ. ನಲವತ್ತಕ್ಕೂ ಹೆಚ್ಚು ವರ್ಷದ ಮೇಲೆ ಆ ಜೂನ್ ಭಾಷಣದಲ್ಲಿ ಅದನ್ನೇ ಮಾಡಿದರು. ಬೀಚ್, ಫೀಲ್ಡ್, ಸ್ಟ್ರೀಟ್, ಹಿಲ್. ಎಲ್ಲ ಹಳೆಯ, ಗಿಡ್ಡ ಪದಗಳು. ಇವುಗಳ ಕೊನೆಗೆ ಬರುವ ‘ಸರೆಂಡರ್’ ಫ್ರೆಂಚಿನಿಂದ ಬಂದದ್ದು.

ಕಡೂರು ಟೀಚರ್

ಸಾರ್, ಇದು ನನಗೆ ತುಂಬಾ ಬೇಕಾಗಿತ್ತು! ನಮ್ಮ ಮಕ್ಕಳು ದೊಡ್ಡ ಪದ ಹಾಕಿದರೆ ಜಾಸ್ತಿ ಅಂಕ ಅಂದುಕೊಂಡಿದ್ದಾರೆ. ‘ಯೂಸ್’ ಅನ್ನಲ್ಲ, ‘ಯುಟಿಲೈಸ್’ ಅಂತಾರೆ. ‘ಸ್ಟಾರ್ಟ್’ ಅನ್ನಲ್ಲ, ‘ಕಮೆನ್ಸ್’. ಹಾಗಾದರೆ ಲ್ಯಾಟಿನ್ ಮೂಲದ ಪದ ಹಾಕಲೇಬಾರದಾ?

ಹಳೇ ಮೇಷ್ಟ್ರು, ಮೈಸೂರು

ಹಾಗಂತ ನಿಯಮ ಮಾಡಬೇಡಿ ಮೇಡಂ. ಇಂಗ್ಲಿಷಿಗೆ ಎರಡು ಮನೆಗಳ ಪದಗಳಿವೆ. ಒಂದು ಹಳೆಯ ಇಂಗ್ಲಿಷಿನದು. ಇನ್ನೊಂದು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚಿನಿಂದ, ಆಮೇಲೆ ಓದಿನ ಮೂಲಕ ಲ್ಯಾಟಿನ್ನಿನಿಂದ ಬಂದದ್ದು. ಒಳ್ಳೆ ಬರಹಗಾರರು ಎರಡನ್ನೂ ಬಳಸುತ್ತಾರೆ. ಯಾವುದು ಎಲ್ಲಿ ಕೂರಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.

ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಕನ್ ನೋಡಿ. 1863ರ ನವೆಂಬರ್ 19, ಗೆಟಿಸ್‌ಬರ್ಗ್. ಜುಲೈ ಮೊದಲ ಮೂರು ದಿನ ಅಲ್ಲಿ ಘೋರ ಯುದ್ಧ ನಡೆದಿತ್ತು. ಸತ್ತ ಸೈನಿಕರ ಸಮಾಧಿ ಸ್ಥಳವನ್ನು ಅರ್ಪಣೆ ಮಾಡುವ ಸಮಾರಂಭ. ಆ ದಿನದ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತಾಡಿದರು. ಲಿಂಕನ್ ಮಾತಾಡಿದ್ದು ಎರಡು ನಿಮಿಷದ ಆಸುಪಾಸು, 270ರಷ್ಟು ಪದ. ಮರುದಿನ ಎವರೆಟ್ ಅವರೇ ಲಿಂಕನ್‌ಗೆ ಪತ್ರ ಬರೆದರು: ನೀವು ಎರಡು ನಿಮಿಷದಲ್ಲಿ ಮುಟ್ಟಿದ ವಿಷಯದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದೇನೆ ಅಂದುಕೊಂಡರೆ ನನಗೆ ಸಂತೋಷ, ಎಂದು. ಎಂಥ ದೊಡ್ಡ ಮನಸ್ಸು ಅಲ್ವಾ?

ಆ ಎರಡು ನಿಮಿಷದಲ್ಲಿ ಒಂದು ಸಾಲಿದೆ. ಈ ನೆಲವನ್ನು ನಾವು ‘ಡೆಡಿಕೇಟ್’ ಮಾಡಲಾರೆವು, ‘ಕಾನ್ಸಿಕ್ರೇಟ್’ ಮಾಡಲಾರೆವು, ‘ಹ್ಯಾಲೋ’ ಮಾಡಲಾರೆವು. ಮೂರಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ, ಪವಿತ್ರವೆಂದು ಅರ್ಪಿಸುವುದು. ಹಾಗಾದರೆ ಮೂರು ಯಾಕೆ? ಮೊದಲನೆಯದು ಸಮಾರಂಭದ ಪದ, ಆಹ್ವಾನ ಪತ್ರಿಕೆಯಲ್ಲಿ ಇರುವಂಥದ್ದು. ಎರಡನೆಯದು ಚರ್ಚಿನ ಪದ. ಎರಡೂ ಲ್ಯಾಟಿನ್. ಮೂರನೆಯದು ಹಳೆಯ ಇಂಗ್ಲಿಷಿನದು, ಕ್ರೈಸ್ತರು ದಿನವೂ ಮಾಡುವ ಪ್ರಾರ್ಥನೆಯ ಮೂಲಕ ಅಮೆರಿಕದ ಮಕ್ಕಳ ಬಾಯಲ್ಲಿ ಇದ್ದ ಪದ. ಸಭೆಯಿಂದ ಚರ್ಚಿಗೆ, ಚರ್ಚಿನಿಂದ ಮನೆಯೊಳಗಿನ ಪ್ರಾರ್ಥನೆಗೆ ಬಂದರು. ಇಲ್ಲೂ ‘ವಿ ಕ್ಯಾನ್ ನಾಟ್’ ನಿಂತಿದೆ, ಉಳಿದ ಪದ ನಡೆಯುತ್ತಿದೆ.

ನಮಗೆ ಇದು ಹೊಸದಲ್ಲ. ನೀರು, ಜಲ. ಸಾವು, ಮರಣ. ಎಲ್ಲಿ ಯಾವುದು ಎಂದು ನಮ್ಮ ಕಿವಿಗೆ ಗೊತ್ತು. ಒಂಬತ್ತನೇ ಶತಮಾನದ ಕವಿರಾಜಮಾರ್ಗ, ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ, ಈ ಚರ್ಚೆಯನ್ನೇ ಮಾಡುತ್ತದೆ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಸಮಾಸದಲ್ಲಿ ಕಂಡಹಾಗೆ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಅನ್ನುತ್ತದೆ.

ಕರಿಕೋಟು

ನಾನು ವಕೀಲೆ. ಈ ಎರಡು ಮನೆಯ ಪದಗಳ ಗುರುತು ನಮ್ಮ ದಸ್ತಾವೇಜುಗಳಲ್ಲಿ ಇವತ್ತಿಗೂ ಇದೆ. ‘ವಿಲ್ ಅಂಡ್ ಟೆಸ್ಟಮೆಂಟ್’ (ಉಯಿಲು), ‘ಗೂಡ್ಸ್ ಅಂಡ್ ಚಾಟಲ್ಸ್’ (ಸರಕು ಸಾಮಾನು). ಈ ಎರಡು ಜೋಡಿಯಲ್ಲೂ ಮೊದಲನೆಯದು ಹಳೆಯ ಇಂಗ್ಲಿಷ್, ಎರಡನೆಯದು ಹೊರಗಿನಿಂದ ಬಂದದ್ದು. ನಾರ್ಮನ್ನರ ಕಾಲದಿಂದ ಇಂಗ್ಲೆಂಡಿನ ಕೋರ್ಟುಗಳಲ್ಲಿ ಫ್ರೆಂಚ್, ಲ್ಯಾಟಿನ್ ನಡೆಯುತ್ತಿತ್ತು. ವಾದವನ್ನು ಇಂಗ್ಲಿಷಿನಲ್ಲಿ ಮಾಡಬೇಕು ಎಂಬ ಕಾಯ್ದೆ ಬಂದದ್ದು 1362ರಲ್ಲಿ. ಎರಡು ಭಾಷೆಯವರಿಗೂ ಅರ್ಥವಾಗಲಿ ಅಂತ ಜೋಡಿ ಹಾಕಿದರು ಅನ್ನುವುದು ಒಂದು ಕಾರಣ. ಅದೊಂದೇ ಕಾರಣ ಆಗಿರಲಾರದು. ‘ಸೀಸ್ ಅಂಡ್ ಡಿಸಿಸ್ಟ್’ (ನಿಲ್ಲಿಸು) ಜೋಡಿಯಲ್ಲಿ ಎರಡೂ ಫ್ರೆಂಚ್ ದಾರಿಯಿಂದಲೇ ಬಂದವು. ಜೋಡಿಯಾಗಿ ಹೇಳಿದರೆ ಕಿವಿಗೆ ಗಟ್ಟಿ ಕೇಳಿಸುತ್ತದೆ. ಒಂದು ಪದ ಬಿಟ್ಟರೆ ಎದುರು ಪಕ್ಷದವರು ಅದನ್ನೇ ಹಿಡಿದಾರು ಎಂಬ ಭಯವೂ ಇದೆ. ಆ ಭಯ ನನಗೂ ಇದೆ, ಹಾಗಾಗಿ ಕ್ರಯಪತ್ರದಲ್ಲಿ ಇವನ್ನು ಬಿಡಲ್ಲ. ಆದರೆ ಮಕ್ಕಳ ಭಾಷಣದಲ್ಲಿ ‘ಈಚ್ ಅಂಡ್ ಎವ್ರಿ’ ಬಂದರೆ ದಯವಿಟ್ಟು ಒಂದನ್ನು ಹೊಡೆದು ಹಾಕಿಸಿ.

ಜಾಹೀರಾತು ಬರಹ

ಮೂರರ ವಿಷಯ ಬಂತಲ್ಲ, ಒಂದು ಸೇರಿಸುತ್ತೇನೆ. 1940ರ ಮೇ 13ರಂದು ಚರ್ಚಿಲ್ ನಾಲ್ಕು ವಸ್ತು ಕೊಡುತ್ತೇನೆ ಅಂದರು: ರಕ್ತ, ದುಡಿಮೆ, ಕಣ್ಣೀರು, ಬೆವರು. ಜನರ ನೆನಪಿನಲ್ಲಿ ಉಳಿದದ್ದು ಮೂರೇ. ದುಡಿಮೆ ಬಿದ್ದುಹೋಯಿತು. ಇಂಗ್ಲಿಷ್ ಕಿವಿಗೆ ಮೂರು ಅಂದರೆ ಪೂರ್ತಿಯಾಯಿತು ಅನ್ನಿಸುತ್ತದೆ. ಮೂರರಲ್ಲೂ ಚಿಕ್ಕದು ಮೊದಲು, ಉದ್ದದ್ದು ಕೊನೆಗೆ ಬಂದರೆ ಇನ್ನೂ ಚಂದ. 1776ರ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ‘ಲೈಫ್, ಲಿಬರ್ಟಿ ಅಂಡ್ ದ ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ಬಾಯಲ್ಲಿ ಹೇಳಿ ನೋಡಿ, ಉಸಿರು ತಾನಾಗಿ ಉದ್ದವಾಗುತ್ತದೆ. ತಿರುಗಿಸಿ ಹೇಳಿದರೆ ಕುಂಟುತ್ತದೆ.

ಲ್ಯಾಬ್ ಹುಡುಗಿ

ಭಾಷಣದ ಮಾತೇ ಜಾಸ್ತಿಯಾಯಿತು. ಜೋರಾಗಿ ಹೇಳುವುದು ಮಾತ್ರ ಶೈಲಿಯಲ್ಲ. ಇಂಗ್ಲಿಷಿನಲ್ಲಿ ತಗ್ಗಿಸಿ ಹೇಳುವುದಕ್ಕೂ ದೊಡ್ಡ ಪರಂಪರೆ ಇದೆ. ನಾನು ಜೀವಶಾಸ್ತ್ರದ ಸಂಶೋಧನೆಯಲ್ಲಿದ್ದೇನೆ. ನಮ್ಮ ಕ್ಷೇತ್ರದ ಅತಿ ಪ್ರಸಿದ್ಧ ವಾಕ್ಯ ಇಂಥದ್ದೇ.

1953ರ ಏಪ್ರಿಲ್ 25ರ ‘ನೇಚರ್’ ಪತ್ರಿಕೆಯಲ್ಲಿ ವಿಜ್ಞಾನಿಗಳಾದ ವಾಟ್ಸನ್ ಮತ್ತು ಕ್ರಿಕ್ ಡಿಎನ್ಎ ರಚನೆಯ ಬಗ್ಗೆ ಪುಟ್ಟ ಲೇಖನ ಬರೆದರು. ಜೀವ ತನ್ನನ್ನು ತಾನು ಹೇಗೆ ನಕಲು ಮಾಡಿಕೊಳ್ಳುತ್ತದೆ ಎಂಬುದರ ಸುಳಿವು ಅವರ ಕೈಗೆ ಸಿಕ್ಕಿತ್ತು. ಅದನ್ನು ಹೇಳಿದ್ದು ಹೇಗೆ? ‘ಇಟ್ ಹ್ಯಾಸ್ ನಾಟ್ ಎಸ್ಕೇಪ್ಡ್ ಅವರ್ ನೋಟಿಸ್’ ಎಂದು ಶುರುವಾಗುವ ಒಂದೇ ವಾಕ್ಯದಲ್ಲಿ. ನಮ್ಮ ಗಮನ ತಪ್ಪಿಲ್ಲ, ಅಷ್ಟೇ. ಇಲ್ಲ ಅನ್ನುವುದರ ಮೂಲಕ ಇದೆ ಅನ್ನುವ ಈ ಕ್ರಮಕ್ಕೆ ಲೈಟೋಟೀಸ್ ಅಂತಾರೆ. ಅದು ಇಬ್ಬರ ನಡುವಿನ ರಾಜಿ ಎಂದು ಕ್ರಿಕ್ ಮುಂದೆ ಬರೆದರು. ಅವರಿಗೆ ಆ ವಿಷಯ ಚರ್ಚಿಸುವ ಆಸೆ, ವಾಟ್ಸನ್‌ಗೆ ರಚನೆಯೇ ತಪ್ಪಿದ್ದರೆ ಎಂಬ ಅಳುಕು. ಆ ಒಂದು ವಾಕ್ಯ ಮೊದಲ ಹಕ್ಕನ್ನೂ ಸಾಧಿಸಿತು, ಅಪಾಯವನ್ನೂ ತಪ್ಪಿಸಿತು.

ಆದರೆ ಅದೇ ಲೇಖನದ ಕೊನೆಯನ್ನೂ ಓದಿ. ಡಿಎನ್ಎ ಮೇಲೆಯೇ ಕೆಲಸ ಮಾಡುತ್ತಿದ್ದ ವಿಲ್ಕಿನ್ಸ್, ಫ್ರಾಂಕ್ಲಿನ್ ಮತ್ತು ಅವರ ಜೊತೆಗಾರರ ಅಪ್ರಕಟಿತ ಫಲಿತಾಂಶಗಳ ‘ಸಾಮಾನ್ಯ ಸ್ವರೂಪ’ ತಿಳಿದು ನಮಗೆ ಪ್ರೇರಣೆ ಸಿಕ್ಕಿತು ಎಂದಿದೆ. ರೊಸಾಲಿಂಡ್ ಫ್ರಾಂಕ್ಲಿನ್ ಅವರ ಎಕ್ಸ್-ರೇ ಕೆಲಸ ವಾಟ್ಸನ್, ಕ್ರಿಕ್ ಅವರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದು ಈಗ ಎಲ್ಲರಿಗೂ ಗೊತ್ತು. ಅಲ್ಲೂ ತಗ್ಗಿಸಿಯೇ ಹೇಳಿದ್ದಾರೆ. ತಮ್ಮ ಕೆಲಸವನ್ನು ತಗ್ಗಿಸಿ ಹೇಳಿದ್ದು ವಿನಯ ಅನ್ನಿಸಿತು. ಬೇರೆಯವರ ಕೆಲಸವನ್ನು ತಗ್ಗಿಸಿ ಹೇಳಿದ್ದು ಅನ್ಯಾಯ. ನನಗೆ ಇದನ್ನು ಓದಿದಾಗಲೆಲ್ಲ ಸಂಕಟ ಆಗುತ್ತದೆ.

ಕರಿಕೋಟು

ಪ್ಯಾಸಿವ್ ವಾಯ್ಸ್ (ಕರ್ಮಣಿ ಪ್ರಯೋಗ) ಬಗ್ಗೆಯೂ ಹೇಳಿ ಅಕ್ಕಾ. ನಮ್ಮಲ್ಲಿ ‘ಸೂಚಿಸಲಾಗಿದೆ, ಆದೇಶಿಸಲಾಗಿದೆ’ ಅಂತ ಸರ್ಕಾರಿ ಪತ್ರಗಳಲ್ಲಿ ಬರುತ್ತದಲ್ಲ, ಅದೇ ರೋಗ ಇಂಗ್ಲಿಷಿನಲ್ಲೂ ಇದೆ.

ಲ್ಯಾಬ್ ಹುಡುಗಿ

ರೋಗ ಅಂತ ಪೂರ್ತಿ ಹೇಳಲಾರೆ. ‘ದ್ರಾವಣವನ್ನು ಬಿಸಿ ಮಾಡಲಾಯಿತು’ ಅನ್ನುವಾಗ ಯಾರು ಬಿಸಿ ಮಾಡಿದರು ಅನ್ನುವುದು ಓದುಗರಿಗೆ ಬೇಕಿಲ್ಲ. ದ್ರಾವಣವೇ ಅಲ್ಲಿ ಮುಖ್ಯ. ಆದರೆ 1987ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಇರಾನ್‌ಗೆ ಗುಟ್ಟಾಗಿ ಆಯುಧ ಮಾರಿದ ಹಗರಣದ ಬಗ್ಗೆ ಸಂಸತ್ತಿನ ಮುಂದೆ ‘ಸೀರಿಯಸ್ ಮಿಸ್ಟೇಕ್ಸ್ ವರ್ ಮೇಡ್’ ಅಂದರು. ಗಂಭೀರ ತಪ್ಪುಗಳಾದವು. ಮಾಡಿದವರು ಯಾರು? ವಾಕ್ಯದಲ್ಲಿ ಅವರಿಗೆ ಜಾಗವೇ ಇಲ್ಲ.

ನಮ್ಮ ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್ 1946ರಲ್ಲಿ ರಾಜಕೀಯ ಮತ್ತು ಇಂಗ್ಲಿಷ್ ಭಾಷೆಯ ಬಗ್ಗೆ ಒಂದು ಪ್ರಬಂಧ ಬರೆದರು. ಆ್ಯಕ್ಟಿವ್ (ಕರ್ತರಿ ಪ್ರಯೋಗ) ಬಳಸಲು ಆಗುವಲ್ಲಿ ಪ್ಯಾಸಿವ್ ಬಳಸಲೇಬೇಡಿ ಎಂಬ ಅವರ ನಿಯಮವನ್ನು ಎಲ್ಲರೂ ಉರು ಹೊಡೆಯುತ್ತಾರೆ. ಅದೇ ಪ್ರಬಂಧದ ಮೊದಲ ವಾಕ್ಯದಲ್ಲೇ ಪ್ಯಾಸಿವ್ ಇದೆ! ನಾನು ಹೇಳಿದ ‘ನಾಟ್’ ಸೇರಿಸಿ ತಗ್ಗಿಸುವ ಚಟವನ್ನೂ ಅವರು ಅಲ್ಲಿ ಬೈದಿದ್ದಾರೆ. ಅವರ ಸಿಟ್ಟು ಸರಿಯಾದದ್ದು. ಜನರ ಮೇಲೆ ಬಾಂಬ್ ಹಾಕಿ ಅದಕ್ಕೆ ಮೆತ್ತನೆಯ ಲ್ಯಾಟಿನ್ ಹೆಸರು ಕೊಡುವ ಬರಹದ ಮೇಲೆ ಅವರಿಗೆ ಸಿಟ್ಟು. ನಿಯಮ ಮಾತ್ರ ಕಿತ್ತುಕೊಂಡು ಆ ಸಿಟ್ಟನ್ನು ಬಿಟ್ಟರೆ ಏನೂ ಉಳಿಯಲ್ಲ.

ಹಳೇ ಮೇಷ್ಟ್ರು, ಮೈಸೂರು

ತುಂಬಾ ಚೆನ್ನಾಗಿ ಹೇಳಿದಿರಮ್ಮ. ಮಕ್ಕಳಿಗೆ ಖುಷಿ ಕೊಡುವ ಇನ್ನೊಂದು ವಿಷಯ ಹೇಳಿ ಸುಮ್ಮನಾಗುತ್ತೇನೆ.

ಕನ್ನಡದಲ್ಲಿ ‘ರಾಮ ರಾವಣನನ್ನು ಕೊಂದ’ ಅನ್ನಬಹುದು, ‘ರಾವಣನನ್ನು ರಾಮ ಕೊಂದ’ ಅಂತಲೂ ಅನ್ನಬಹುದು. ವಿಭಕ್ತಿ ಪ್ರತ್ಯಯ ಕಾಯುತ್ತದೆ. ಇಂಗ್ಲಿಷಿನಲ್ಲಿ ಎರಡು ಹೆಸರು ಜಾಗ ಬದಲಿಸಿದರೆ ರಾಮನೇ ಸಾಯುತ್ತಾನೆ. ಪದ ಕೂತ ಜಾಗವೇ ಅಲ್ಲಿ ಅರ್ಥ. ಈ ಗುಣದ ಮೇಲೆ ಒಂದು ಇಡೀ ಅಲಂಕಾರ ನಿಂತಿದೆ. 1961ರ ಜನವರಿ 20ರಂದು ಅಮೆರಿಕದ ಅಧ್ಯಕ್ಷ ಕೆನಡಿ ಹೇಳಿದ ಮಾತು ನಿಮಗೆ ಗೊತ್ತು. ದೇಶ ನಿನಗೆ ಏನು ಮಾಡಬಲ್ಲದು ಎಂದು ಕೇಳಬೇಡ, ನೀನು ದೇಶಕ್ಕೆ ಏನು ಮಾಡಬಲ್ಲೆ ಎಂದು ಕೇಳು. ಇಂಗ್ಲಿಷಿನಲ್ಲಿ ‘ಯು’ ಮತ್ತು ‘ಯುವರ್ ಕಂಟ್ರಿ’ ಬರೀ ಜಾಗ ಬದಲಿಸಿಕೊಂಡವು. ಒಂದಕ್ಷರ ಬದಲಾಗಲಿಲ್ಲ. ಅರ್ಥ ಪೂರ್ತಿ ತಿರುಗಿತು. ಕನ್ನಡದಲ್ಲಿ ‘ನಿನಗೆ’ ಹೋಗಿ ‘ನೀನು’ ಬರಬೇಕಾಯಿತು, ನೋಡಿ.

ಹಾಗೆಯೇ ಇಂಗ್ಲಿಷ್ ವಾಕ್ಯದ ಆರಂಭದಲ್ಲೇ ಕರ್ತೃ, ಕ್ರಿಯಾಪದ ಬಂದುಬಿಡುತ್ತವೆ. ಅದಕ್ಕೇ ಅವರಿಗೆ ಸಾಲಿನ ತಲೆಯಲ್ಲಿ ಮಾತು ಮರಳಿಸುವುದು ಸುಲಭ. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ಬಸವಣ್ಣನವರ ‘ಕಳಬೇಡ ಕೊಲಬೇಡ’ದಲ್ಲಿ ‘ಬೇಡ’ ಬೀಳುವುದು ಕೊನೆಗೆ. ನಮ್ಮ ಮಕ್ಕಳ ಕಿವಿಗೆ ಈ ಪೆಟ್ಟು ಮೊದಲೇ ಗೊತ್ತು. ಲಿಂಕನ್ ಅವರ ‘ಆಫ್ ದ ಪೀಪಲ್, ಬೈ ದ ಪೀಪಲ್, ಫಾರ್ ದ ಪೀಪಲ್’ ಹೇಳಿಕೊಡುವಾಗ ವಚನದಿಂದ ಶುರು ಮಾಡಿ. ಬೇಗ ಹಿಡಿಯುತ್ತಾರೆ.

ಕಡೂರು ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪ್ರಶ್ನೆ ಕೇಳಿದ ಹುಡುಗಿ ತನ್ನ ಊರಿನ ಕೆರೆಯ ಬಗ್ಗೆ ಮಾತಾಡುತ್ತಾಳೆ. ಅವಳ ಮೊದಲ ಪ್ರತಿ ಹೀಗಿತ್ತು: ‘ವಿ ನೀಡ್ ವಾಟರ್. ವಿ ನೀಡ್ ಕ್ಲೀನ್ ವಾಟರ್. ವಿ ನೀಡ್ ಮೋರ್ ವಾಟರ್.’ ಮೇಷ್ಟ್ರು ಹೇಳಿದ ಹಾಗೆ ಬದಲಾಗುವ ಭಾಗದ ಕೆಳಗೆ ಗೆರೆ ಎಳೆ ಅಂದೆ. ಎಳೆದು ನೋಡಿ ಅವಳೇ ಹೇಳಿದಳು, ‘ಮಿಸ್, ಇಲ್ಲಿ ಏನೂ ನಡೀತಾ ಇಲ್ಲ.’ ನೀನು ಕಣ್ಣಾರೆ ಕಂಡದ್ದು ಬರಿ ಅಂದೆ. ಇವತ್ತು ಇದನ್ನು ತಂದಳು:

‘ಇನ್ ಅಕ್ಟೋಬರ್ ದ ವಾಟರ್ ವಾಸ್ ಅಟ್ ದ ಟೆಂಪಲ್ ಸ್ಟೆಪ್ಸ್. ಇನ್ ಡಿಸೆಂಬರ್ ದ ವಾಟರ್ ವಾಸ್ ಅಟ್ ದ ವಾಷಿಂಗ್ ಸ್ಟೋನ್. ಇನ್ ಫೆಬ್ರವರಿ ದ ವಾಟರ್ ವಾಸ್ ಅಟ್ ದ ಓಲ್ಡ್ ಪಂಪ್. ಟುಡೇ ಮೈ ಬ್ರದರ್ ಪ್ಲೇಸ್ ಕ್ರಿಕೆಟ್ ದೇರ್.’

ನ್ಯೂಜೆರ್ಸಿ ಕನ್ನಡಿಗ

ಅಬ್ಬಾ! ಕೊನೆಯ ಸಾಲಿನಲ್ಲಿ ನೀರೇ ಇಲ್ಲ. ‘ಫೈಟ್’ ಹೋಗಿ ‘ಸರೆಂಡರ್’ ಬಂದ ಹಾಗೆಯೇ ಆಯಿತು. ಒಂಬತ್ತನೇ ಕ್ಲಾಸಾ? ನನ್ನ ಕಡೆಯಿಂದ ಆ ಮಗುವಿಗೆ ಅಭಿನಂದನೆ ಹೇಳಿ.

ಜಾಹೀರಾತು ಬರಹ

ಇದರಲ್ಲಿ ಒಂದು ಪದವನ್ನೂ ಮುಟ್ಟಬೇಡಿ.

ಕಡೂರು ಟೀಚರ್

ಮುಂದಿನ ಭಾಗದಲ್ಲಿ ಒಂದು ಅನುಮಾನ ಇದೆ. ‘ದ ಕೆನಾಲ್ ಟು ದ ಲೇಕ್ ವಾಸ್ ಬ್ಲಾಕ್ಡ್’ ಅಂತ ಬರೆದಿದ್ದಾಳೆ. ಕೆರೆಗೆ ನೀರು ತರುವ ಕಾಲುವೆ ಮುಚ್ಚಿಹೋಗಿದೆ. ಇಲ್ಲಿನ ಚರ್ಚೆ ಓದಿ ನಾನು ‘ಯಾರು ಮುಚ್ಚಿದರು, ಅವರನ್ನು ವಾಕ್ಯದೊಳಗೆ ತಾ’ ಅಂದೆ. ಅವಳಿಗೆ ಗೊತ್ತಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರಂತೆ. ಏನು ಮಾಡಲಿ?

ಲ್ಯಾಬ್ ಹುಡುಗಿ

ಗೊತ್ತಿಲ್ಲದಿದ್ದರೆ ಪ್ಯಾಸಿವ್ ವಾಯ್ಸೇ ಸರಿ ಮೇಡಂ. ಅದು ಸತ್ಯವಾದ ವಾಕ್ಯ. ಊಹೆಯ ಮೇಲೆ ಯಾರ ಹೆಸರನ್ನೂ ಅವಳ ಬಾಯಿಂದ ಹೇಳಿಸಬೇಡಿ.

ಕರಿಕೋಟು

ವಕೀಲೆಯಾಗಿ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕಾಲುವೆ ಯಾರು ತೆಗೆಸಬೇಕು ಅನ್ನುವುದು ಅವಳಿಗೆ ಗೊತ್ತಲ್ವಾ? ಅಲ್ಲಿ ಕರ್ತೃ ಬೇಕು.

ಹಳೇ ಮೇಷ್ಟ್ರು, ಮೈಸೂರು

ಹೌದು. ‘ದ ಕೆನಾಲ್ ಶುಡ್ ಬಿ ಓಪನ್ಡ್’ ಅಂತ ಬಿಡಬಾರದು. ಪಂಚಾಯಿತಿ ತೆಗೆಸಬೇಕಾದರೆ ಪಂಚಾಯಿತಿ ಅಂತ ಹೇಳಲಿ. ಊರಿನವರೂ ಕೈ ಹಾಕಬೇಕಾದರೆ ‘ವಿ’ ಅನ್ನಲಿ. ಆ ‘ವಿ’ ಒಳಗೆ ತಾನೂ ಇದ್ದಾಳಾ ಎಂದು ಒಮ್ಮೆ ಕೇಳಿ.

ಕಡೂರು ಟೀಚರ್

ಕೇಳಿದೆ ಸಾರ್. ಇದ್ದಾಳಂತೆ. ಭಾನುವಾರ ಅಣ್ಣನ ಕ್ರಿಕೆಟ್ ತಂಡವನ್ನೂ ಕರೆದುಕೊಂಡು ಹೋಗುತ್ತಾಳಂತೆ. ಆ ವಾಕ್ಯ ಈಗ ‘ವಿ ವಿಲ್ ಡಿಗ್’ ಎಂದು ಶುರುವಾಗುತ್ತದೆ.